ಔಷಧಕ್ಕೊಂದು ತರಗತಿ ಕಟ್ಟಿದವರು: ಮಹಾದೇವ ಲಾಲ್ ಶ್ರಾಫ್

ದ್ವಿತೀಯ ಪಿಯು ಫಲಿತಾಂಶ ಬಂದ ಮರುದಿನದಿಂದ ಕಾರವಾರ, ಅಂಕೋಲೆಯ ಮನೆಗಳಲ್ಲಿ ಒಂದೇ ಬಗೆಯ ಲೆಕ್ಕ ನಡೆಯುತ್ತದೆ. ನೀಟ್‌ನಲ್ಲಿ ಅಂಕ ಬಂದರೆ ಎಂಬಿಬಿಎಸ್, ಇಲ್ಲದಿದ್ದರೆ ದಂತವೈದ್ಯ, ಅದೂ ಆಗದಿದ್ದರೆ ಆಯುರ್ವೇದ ಇಲ್ಲವೇ ನರ್ಸಿಂಗ್, ಯಾವುದೂ ಕೂಡಿಬರದಿದ್ದರೆ ಫಾರ್ಮಸಿ. ಡಿ.ಫಾರ್ಮ ಮಾಡಿದರೆ ಊರಲ್ಲೇ ಒಂದು ಮೆಡಿಕಲ್ ಶಾಪ್ ಹಾಕಬಹುದು ಎಂಬ ಸಮಾಧಾನದ ಮಾತಿನಲ್ಲಿ ಚರ್ಚೆ ಮುಗಿಯುತ್ತದೆ. ಹೀಗೆ ಪಟ್ಟಿಯ ತುದಿಗೆ ಸರಿದ ಈ ವಿದ್ಯೆಗೆ ಭಾರತದಲ್ಲಿ ಪದವಿಯ ಸ್ಥಾನ ಕೊಡಿಸಲು ಒಬ್ಬರು ತಮ್ಮ ಆಯುಷ್ಯದ ಬಹುಭಾಗ ಸವೆಸಿದ್ದಾರೆ. ಫಾರ್ಮಸಿ ಕಾಲೇಜುಗಳ ಗೋಡೆಯ ಮೇಲೆ ಅವರ ಚಿತ್ರವಿರುತ್ತದೆ. ಅಲ್ಲಿಗೆ ಹೋಗಬೇಕಾದ ನಮ್ಮ ಮಕ್ಕಳಿಗೆ ಮಾತ್ರ ಅವರ ಹೆಸರು ಗೊತ್ತಿರುವುದಿಲ್ಲ. ಅವರು ಮಹಾದೇವ ಲಾಲ್ ಶ್ರಾಫ್.

ಶ್ರಾಫ್ ಹುಟ್ಟಿದ್ದು 1902ರ ಮಾರ್ಚ್ 6ರಂದು, ಬಿಹಾರದ ದರ್ಭಂಗಾದಲ್ಲಿ. ಅವರ ಅಡ್ಡಹೆಸರಿನ ಬಗ್ಗೆ ಒಂದು ಮಾತು. ಶ್ರಾಫ್ ಎಂದರೆ ನಮ್ಮ ಪೇಟೆಯಲ್ಲಿ ಚಿನ್ನ ಬೆಳ್ಳಿ ವ್ಯಾಪಾರದವರನ್ನು ಕರೆಯುವ ಅದೇ ಸರಾಫ. ಮೂಲ ಅರಬ್ಬಿ: ಸರ್ರಾಫ್, ಅಂದರೆ ನಾಣ್ಯ ಬದಲಿಸಿ ಕೊಡುವವನು. ನಾಣ್ಯವನ್ನು ಕೈಯಲ್ಲಿ ತೂಗಿ, ಕಲ್ಲಿನ ಮೇಲೆ ಬಡಿದು, ಅಸಲಿ ಯಾವುದು ನಕಲಿ ಯಾವುದು ಎಂದು ಹೇಳುವುದು ಅವನ ಕಸುಬಿನ ಅರ್ಧ ಭಾಗ. ಮುಂದೆ ಈ ಹೆಸರಿನವರು ಮಾಡಿದ ಕೆಲಸ ನೋಡಿದರೆ ಹೆಸರು ಚೆನ್ನಾಗಿಯೇ ಹೊಂದಿತು ಅನ್ನಿಸುತ್ತದೆ.

1920ರಲ್ಲಿ ಅವರು ಭಾಗಲ್ಪುರದಲ್ಲಿ ಶಾಲೆ ಮುಗಿಸಿದರು. ದೇಶದಲ್ಲಿ ಅಸಹಕಾರ ಚಳವಳಿ ಶುರುವಾದ ವರ್ಷ ಅದು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದರೂ ಅಲ್ಲಿ ಬಹಳ ದಿನ ಉಳಿಯಲಿಲ್ಲ. ಪರದೇಶಕ್ಕೆ ಹೋಗಿ ಓದುವ ಹಂಬಲ ಹತ್ತಿತ್ತು. ಅಂದಿನ ಹುಡುಗರು ಸಾಮಾನ್ಯವಾಗಿ ಹಡಗು ಹತ್ತುತ್ತಿದ್ದುದು ಇಂಗ್ಲೆಂಡಿಗೆ. ಶ್ರಾಫ್ ಹೊರಟದ್ದು ಅಮೆರಿಕಕ್ಕೆ. ಅಯೋವಾದಲ್ಲಿ ಓದು ಆರಂಭಿಸಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪದವಿ ಪಡೆದು, 1927ರಲ್ಲಿ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ ಸ್ನಾತಕೋತ್ತರ ಪದವಿ ಗಳಿಸಿದರು. ಇವತ್ತು ಎಂಐಟಿ ಎಂದರೆ ನಿಮ್ಮ ಕಣ್ಣು ಅರಳುವ ಸಂಸ್ಥೆಯೇ ಅದು.

ಅವರು ಓದಿದ್ದೆಲ್ಲ ರಸಾಯನಶಾಸ್ತ್ರ. ಭಾರತದ ಫಾರ್ಮಸಿ ಶಿಕ್ಷಣದ ಪಿತಾಮಹ ಎಂದು ಕರೆಸಿಕೊಂಡವರು ಸ್ವತಃ ಫಾರ್ಮಸಿ ಪದವೀಧರರಾಗಿರಲಿಲ್ಲ. ಆ ಪದವಿ ಆಗ ಭಾರತದಲ್ಲಿ ಇರಲೇ ಇಲ್ಲ. ತಾನು ಕೂತು ಕಲಿಯದ ತರಗತಿಯನ್ನು ಬೇರೆಯವರಿಗಾಗಿ ಕಟ್ಟುವುದು ಅವರ ಪಾಲಿಗೆ ಬಂತು.

ಆ ತರಗತಿ ಯಾಕೆ ಬೇಕಿತ್ತು ಎಂದು ತಿಳಿಯಬೇಕಾದರೆ ಅಂದಿನ ಔಷಧದಂಗಡಿಯ ಸ್ಥಿತಿ ಗೊತ್ತಿರಬೇಕು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿದರೆ ಕಂಪೌಂಡರ್ ಎಂಬ ಪದ ತಪ್ಪದೆ ಬರುತ್ತದೆ. ಡಾಕ್ಟರರ ಕೋಣೆಯ ಪಕ್ಕದ ಕಿಂಡಿಯಲ್ಲಿ ಕೂತು, ದೊಡ್ಡ ಬಾಟಲಿಗಳಿಂದ ಬಣ್ಣದ ನೀರು ಸುರಿದು, ಸಣ್ಣ ಬಾಟಲಿಯ ಪಕ್ಕಕ್ಕೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಹೊತ್ತಿಗೆ ಒಂದು ಹಲ್ಲಿನಷ್ಟು ಕುಡಿಯಿರಿ ಎಂದು ಕೊಡುತ್ತಿದ್ದವರು ಅವರು. ಅನುಭವದಿಂದ ಪಳಗಿದ ಜಾಣರು ಅವರಲ್ಲಿ ಬಹಳ ಮಂದಿ ಇದ್ದರು. ಕೆಲವು ಪ್ರಾಂತ್ಯಗಳಲ್ಲಿ ಅವರಿಗೆ ಸಣ್ಣ ಪ್ರಮಾಣದ ತರಬೇತಿಯೂ ಇತ್ತು. ಆದರೆ ಔಷಧ ಬೆರೆಸಿ ಕೊಡಲು, ಮಾರಲು ಇಂಥದ್ದೇ ವಿದ್ಯೆ ಆಗಿರಬೇಕು ಎಂದು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಇರಲಿಲ್ಲ. ಕಿರಾಣಿ ಸಾಮಾನಿನ ಪಕ್ಕದಲ್ಲೇ ಔಷಧದ ಬಾಟಲಿ ಇಟ್ಟು ಮಾರಿದರೂ ಕೇಳುವವರಿರಲಿಲ್ಲ. ಔಷಧದ ಹೆಚ್ಚಿನ ಪಾಲು ಹಡಗಿನಲ್ಲಿ ಹೊರದೇಶದಿಂದ ಬರುತ್ತಿತ್ತು. ಬಂದದ್ದರಲ್ಲಿ ಎಷ್ಟು ಸಾಚಾ, ಎಷ್ಟು ಕಲಬೆರಕೆ ಎಂದು ಪರೀಕ್ಷಿಸುವ ವ್ಯವಸ್ಥೆ ಇಲ್ಲವೆಂಬಷ್ಟು ಕಡಿಮೆ.

ಇದು ನಮ್ಮ ಜಿಲ್ಲೆಗೆ ದೂರದ ಸಂಗತಿಯಾಗಿರಲಿಲ್ಲ. ಉತ್ತರ ಕನ್ನಡ ಆಗ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು. 1956ರವರೆಗೂ ಹಾಗೇ ಇತ್ತು. ನಮ್ಮವರಿಗೆ ಬೊಂಬಾಯಿಯ ನಂಟು ಹಡಗಿನದು. ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಮಲೇರಿಯಾ ಊರಿಗೆ ಊರನ್ನೇ ಮಲಗಿಸುತ್ತಿದ್ದ ಕಾಲ ಅದು. ಚಳಿಜ್ವರಕ್ಕೆ ಇದ್ದ ಮದ್ದು ಕ್ವಿನೈನ್ ಒಂದೇ. ಆ ಕ್ವಿನೈನ್ ಮಾತ್ರೆಯಲ್ಲಿ ಇರಬೇಕಾದಷ್ಟು ಕ್ವಿನೈನ್ ಇರುವುದಿಲ್ಲ ಎಂಬುದು ದೇಶದಾದ್ಯಂತ ಕೇಳಿಬಂದ ದೂರು. ಜ್ವರ ಇಳಿಯದಿದ್ದಾಗ ರೋಗಿಯ ಮನೆಯವರು ಹಣೆಬರಹವನ್ನು ದೂರುತ್ತಿದ್ದರೇ ಹೊರತು ಮಾತ್ರೆಯನ್ನು ಅನುಮಾನಿಸುವ ದಾರಿ ಅವರಿಗೆ ಇರಲಿಲ್ಲ.

ನೆರೆಯ ಗೋವಾದ ಸಂಗತಿ ಬೇರೆ. ಮಾಜಾಳಿ ದಾಟಿದರೆ ಆಗ ಪೋರ್ಚುಗೀಸರ ರಾಜ್ಯ. ಅವರು 1842ರಲ್ಲೇ ಪಣಜಿಯಲ್ಲಿ ವೈದ್ಯಕೀಯ ಶಾಲೆ ತೆರೆದು, ಅದರ ಜೊತೆಗೆ ಔಷಧ ತಯಾರಿಕೆಯ ಪಾಠವನ್ನೂ ಇಟ್ಟಿದ್ದರು. ಕಾಳಿ ನದಿಯ ಆಚೆ ಸ್ವಲ್ಪ ದೂರದಲ್ಲಿ ಕ್ರಮಬದ್ಧ ಪಾಠ, ಈಚೆಗೆ ಕಂಪೌಂಡರನ ಕೈಗುಣ. ಬ್ರಿಟಿಷರ ಭಾರತದ ಉಳಿದ ಭಾಗ ಈ ವಿಷಯದಲ್ಲಿ ಬಹಳ ಕಾಲ ನಿದ್ದೆ ಮಾಡಿತು.

ಅದನ್ನು ಮೊದಲು ಅಲುಗಾಡಿಸಿದವರಲ್ಲಿ ಹಾರೂನ್ ಜಾಫರ್ ಒಬ್ಬರು. 1927ರಲ್ಲಿ ಅಂದಿನ ಕೇಂದ್ರ ಶಾಸಕಾಂಗದ ಮೇಲ್ಮನೆಯಲ್ಲಿ ಅವರು ಔಷಧಗಳ ಮೇಲೆ ಕಾನೂನಿನ ಹತೋಟಿ ಬೇಕೆಂದು ನಿರ್ಣಯ ಮಂಡಿಸಿದರು. ಪತ್ರಿಕೆಗಳೂ ದನಿಗೂಡಿಸಿದವು. ಕೊನೆಗೆ 1930ರಲ್ಲಿ ಸರಕಾರ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿ ನೇಮಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಅಂಕೋಲೆಯ ಜನ ಉಪ್ಪು ಮಾಡಿ ಬ್ರಿಟಿಷರ ಕಾನೂನು ಮುರಿದಿದ್ದರು. ಒಂದು ಕಡೆ ಉಪ್ಪಿನ ಮೇಲೆ ಇದ್ದ ಕಾನೂನು ಬೇಡವೆಂದು ಹೋರಾಟ, ಇನ್ನೊಂದು ಕಡೆ ಔಷಧದ ಮೇಲೆ ಇಲ್ಲದ ಕಾನೂನು ಬೇಕೆಂದು ಬೇಡಿಕೆ. ಅಗತ್ಯವಿದ್ದಲ್ಲಿ ಇಲ್ಲದೆ, ಬೇಡವಾದಲ್ಲಿ ಬಿಗಿಯಾಗಿದ್ದ ಆಡಳಿತ ಅದು.

ಚೋಪ್ರಾ ಸಮಿತಿ ದೇಶ ಸುತ್ತಿ 1931ರಲ್ಲಿ ವರದಿ ಕೊಟ್ಟಿತು. ಔಷಧಕ್ಕೆ ಕೇಂದ್ರ ಕಾನೂನು ಬೇಕು, ಪರೀಕ್ಷಾ ಪ್ರಯೋಗಾಲಯ ಬೇಕು, ಔಷಧ ಕೊಡುವವರಿಗೆ ಸರಿಯಾದ ಶಿಕ್ಷಣ ಮತ್ತು ನೋಂದಣಿ ಬೇಕು ಎಂಬುದು ಅದರ ಸಾರ. ವರದಿ ಒಳ್ಳೆಯದಿತ್ತು. ಸರಕಾರ ಅದನ್ನು ಕಪಾಟಿನಲ್ಲಿ ಇಟ್ಟಿತು.

ಶ್ರಾಫ್ ಕಥೆಗೆ ಸೇರುವುದು ಇಲ್ಲಿ. ಅಮೆರಿಕದಿಂದ ಮರಳಿದ ಅವರು ಮದನ ಮೋಹನ ಮಾಳವೀಯರ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಬಂದರು. ಹುಡುಗನಾಗಿದ್ದಾಗ ಎಂಜಿನಿಯರಿಂಗ್ ಬಿಟ್ಟುಹೋದ ಜಾಗಕ್ಕೇ ಮೇಷ್ಟರಾಗಿ ಮರಳಿದಂತಾಯಿತು. 1932ರಲ್ಲಿ ಅಲ್ಲಿನ ಬಿ.ಎಸ್‌ಸಿ. ವ್ಯಾಸಂಗದೊಳಗೆ ಔಷಧ ರಸಾಯನಶಾಸ್ತ್ರ ಒಂದು ವಿಷಯವಾಗಿ ಸೇರಿತು. ಸರಕಾರ ಕಾನೂನು ಮಾಡಲಿ, ಆಮೇಲೆ ಕಾಲೇಜು ತೆರೆಯೋಣ ಎಂದು ಅವರು ಕಾಯಲಿಲ್ಲ. ಕಾನೂನು ಬರುವ ದಿನ ಅದನ್ನು ನಡೆಸಲು ಕಲಿತ ಜನ ಬೇಕಲ್ಲ, ಅವರನ್ನು ಈಗಲೇ ತಯಾರಿಸಬೇಕು ಎಂಬುದು ಅವರ ಲೆಕ್ಕವಾಗಿದ್ದಂತೆ ಕಾಣುತ್ತದೆ. 1937ರಲ್ಲಿ ಮೂರು ವರ್ಷದ ಬಿ.ಫಾರ್ಮ ಪದವಿ ಆರಂಭವಾಯಿತು. 1940ರಲ್ಲಿ ಎಂ.ಫಾರ್ಮ. ದೇಶದಲ್ಲಿ ಎರಡೂ ಮೊದಲು.

ಆ ತರಗತಿಯಲ್ಲಿ ಏನು ಕಲಿಸುತ್ತಿದ್ದರು? ಮುಖ್ಯವಾಗಿ ಔಷಧದ ರಸಾಯನಶಾಸ್ತ್ರ, ಅದರ ತಯಾರಿಕೆ, ಅದರ ವಿಶ್ಲೇಷಣೆ, ಮೂಲಿಕೆಗಳನ್ನು ಗುರುತಿಸುವ ಶಾಸ್ತ್ರ. ಕೊನೆಯದನ್ನು ಫಾರ್ಮಕಾಗ್ನಸಿ ಎನ್ನುತ್ತಾರೆ. ನಮ್ಮ ಜಿಲ್ಲೆಯ ಕಾಡಿನಲ್ಲಿ ಕಾಸರಕದ ಮರವಿದೆ. ಅದರ ಬೀಜದಲ್ಲಿ ಸ್ಟ್ರಿಕ್ನೀನ್ ಎಂಬ ಕಡು ವಿಷವಿದೆ. ಅದೇ ಬೀಜ ಹಳೆಯ ಔಷಧಗಳಲ್ಲಿ ಅತಿ ಸಣ್ಣ ಪ್ರಮಾಣದಲ್ಲಿ ಬಳಕೆಯಾಗುತ್ತಿತ್ತು. ವಿಷ ಯಾವ ತೂಕದಲ್ಲಿ ಮದ್ದು, ಮದ್ದು ಯಾವ ತೂಕದಲ್ಲಿ ವಿಷ ಎಂಬುದನ್ನು ಅಂದಾಜಿನಿಂದ ಹೇಳಲಾಗುವುದಿಲ್ಲ. ತೂಗಬೇಕು, ಅಳೆಯಬೇಕು. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಆಕ್ಸಾಲಿಕ್ ಆಮ್ಲಕ್ಕೆ ಪರ್ಮ್ಯಾಂಗನೇಟ್ ಹನಿ ಹನಿಯಾಗಿ ಬಿಟ್ಟು, ಬಣ್ಣ ನಿಂತ ಕೂಡಲೇ ಬ್ಯುರೆಟ್ ತಿರುಗಿಸುತ್ತೀರಲ್ಲ, ಆ ಕೈಚಳಕದ ಮುಂದಿನ ಹೆಜ್ಜೆಯೇ ಮಾತ್ರೆಯಲ್ಲಿ ಎಷ್ಟು ಮದ್ದಿದೆ ಎಂದು ಕಂಡುಹಿಡಿಯುವುದು. ಹನಿ ಹೆಚ್ಚಾದರೆ ನಿಮಗೆ ಎರಡು ಅಂಕ ಹೋಗುತ್ತದೆ. ಅಲ್ಲಿ ಹೋಗುವುದು ಬೇರೆ.

ಅದೇ 1937ರಲ್ಲಿ ಅಮೆರಿಕದಲ್ಲಿ ನಡೆದ ಘಟನೆ ಇದಕ್ಕೆ ಸಾಕ್ಷಿ. ಸಲ್ಫನಿಲಮೈಡ್ ಎಂಬ ಒಳ್ಳೆಯ ಔಷಧವನ್ನು ಸಿರಪ್ ರೂಪಕ್ಕೆ ತರಲು ಒಂದು ಕಂಪನಿ ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಕರಗಿಸಿತು. ಬಣ್ಣ, ರುಚಿ, ವಾಸನೆ ಎಲ್ಲ ನೋಡಿದರು. ಆ ದ್ರವ ಮೂತ್ರಪಿಂಡವನ್ನು ಕೊಲ್ಲುತ್ತದೆಯೇ ಎಂದು ನೋಡಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಮರುವರ್ಷವೇ ಅಮೆರಿಕ ಕಟ್ಟುನಿಟ್ಟಿನ ಕಾನೂನು ತಂದಿತು. ನಾವು ಕಲಿತೆವೆಯೇ? 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಅದೇ ರಾಸಾಯನಿಕ ಬೆರೆತ ಗ್ಲಿಸರಿನ್‌ನಿಂದ 14 ರೋಗಿಗಳು ಪ್ರಾಣ ಕಳೆದುಕೊಂಡರು. ಕಾನೂನು, ಕಾಲೇಜು, ಪ್ರಯೋಗಾಲಯ ಎಲ್ಲ ಇದ್ದ ಕಾಲವದು. ಎಲ್ಲೋ ಒಬ್ಬರು ಪರೀಕ್ಷಿಸದೆ ಸಹಿ ಹಾಕಿದರೆ ಆ ಎಲ್ಲವೂ ಇದ್ದು ಇಲ್ಲದಂತೆ.

ಬನಾರಸ್‌ಗೆ ಮರಳೋಣ. ತರಗತಿಯೇನೋ ಆಯಿತು. ಪಾಸಾದ ಹುಡುಗರು ಎಲ್ಲಿಗೆ ಹೋಗಬೇಕು? ಔಷಧದಂಗಡಿಗೆ ಪದವೀಧರನೇ ಬೇಕೆಂದು ಯಾವ ಕಾನೂನೂ ಹೇಳುತ್ತಿರಲಿಲ್ಲ. ಕಡಿಮೆ ಸಂಬಳಕ್ಕೆ ಕಂಪೌಂಡರ್ ಸಿಗುವಾಗ ಆಸ್ಪತ್ರೆಯವರಿಗೆ ಇವರು ದುಬಾರಿ. ದೇಶೀ ಕಾರ್ಖಾನೆಗಳು ಬೆರಳೆಣಿಕೆಯಷ್ಟು. ಇಂಥ ಹೊತ್ತಿನಲ್ಲಿ ಬೇರೆ ಮೇಷ್ಟರಾಗಿದ್ದರೆ ತಮ್ಮ ಕೆಲಸ ಪಾಠ ಹೇಳುವುದು, ನೌಕರಿ ಹುಡುಕುವುದು ಹುಡುಗರ ಕೆಲಸ ಎಂದು ಸುಮ್ಮನಾಗುತ್ತಿದ್ದರೇನೋ. ಶ್ರಾಫ್ ಹಾಗೆ ಮಾಡದ್ದರಿಂದಲೇ ಅವರನ್ನು ನಾಯಕ ಎನ್ನಬೇಕಾಗಿದೆ. ಒಬ್ಬೊಬ್ಬನಾಗಿ ಹೋದರೆ ಯಾರೂ ಕಿವಿಗೊಡದ ಮಾತನ್ನು ಒಂದು ಸಂಘವಾಗಿ ಹೇಳಬೇಕೆಂದು ಅವರು ಹೊರಟರು. 1935ರಲ್ಲಿ, ಅಂದರೆ ಪದವಿ ಶುರುವಾಗುವ ಮೊದಲೇ, ಸಂಯುಕ್ತ ಪ್ರಾಂತ್ಯದ ಔಷಧ ವಿಜ್ಞಾನ ಸಂಘ ಹುಟ್ಟಿತು. ಇಂದಿನ ಉತ್ತರ ಪ್ರದೇಶಕ್ಕೆ ಆಗ ಆ ಹೆಸರು. ಅದೇ ಬೆಳೆದು ಭಾರತೀಯ ಔಷಧ ವಿಜ್ಞಾನ ಸಂಘ, ಅಂದರೆ ಇಂದಿನ ಐಪಿಎ ಆಯಿತು.

ಅದೇ 1935ರಲ್ಲಿ ಬೊಂಬಾಯಿಯಲ್ಲಿ ಇನ್ನೊಬ್ಬ ರಸಾಯನಶಾಸ್ತ್ರಜ್ಞರು ಇದೇ ಕೊರತೆಯನ್ನು ಬೇರೆ ತುದಿಯಿಂದ ಹಿಡಿದಿದ್ದರು. ಅಲಿಗಢದಲ್ಲಿ ಹುಟ್ಟಿ, ಜಾಮಿಯಾ ಮಿಲಿಯಾದಲ್ಲಿ ಪಾಠ ಹೇಳಿ, ಬರ್ಲಿನ್‌ನಲ್ಲಿ ಓದಿದ ಖ್ವಾಜಾ ಅಬ್ದುಲ್ ಹಮೀದ್ ಅವರು ಆ ವರ್ಷ ಕಟ್ಟಿದ ಪ್ರಯೋಗಾಲಯವೇ ಸಿಪ್ಲಾ. 1939ರಲ್ಲಿ ಗಾಂಧೀಜಿ ಅದನ್ನು ನೋಡಲು ಬಂದಿದ್ದರು. ಅವರ ಬದುಕಿಗೇ ಬೇರೆ ಲೇಖನ ಬೇಕು. ಇಲ್ಲಿ ಹೇಳಬೇಕಾದದ್ದು ಇಷ್ಟೇ: ಕಾರ್ಖಾನೆ ಕಟ್ಟಿದವರ ಹೆಸರು ಮಾತ್ರೆಯ ಪಟ್ಟಿಯ ಮೇಲೆ ಉಳಿಯಿತು, ಕಾರ್ಖಾನೆಗೆ ಬೇಕಾದ ಜನರನ್ನು ತಯಾರಿಸಿದವರ ಹೆಸರು ಪಠ್ಯಕ್ರಮದ ಪುಟಗಳಲ್ಲಿ ಕರಗಿಹೋಯಿತು. ಮೇಷ್ಟರ ಕಸುಬೇ ಹಾಗೆ.

ಸಂಘದ ಬೆನ್ನಿಗೆ ಪತ್ರಿಕೆ. 1939ರಲ್ಲಿ ಇಂಡಿಯನ್ ಜರ್ನಲ್ ಆಫ್ ಫಾರ್ಮಸಿ ಶ್ರಾಫ್ ಅವರ ಸಂಪಾದಕತ್ವದಲ್ಲಿ ಹೊರಬಂತು. ನಮ್ಮ ಈ ವಾರ್ತಾಪತ್ರಕ್ಕೆ ಲೇಖನ ಕೂಡಿಸುವ ಕಷ್ಟ ಬಲ್ಲವರಿಗೆ ಅದು ಎಂಥ ಕೆಲಸ ಎಂದು ವಿವರಿಸಬೇಕಾಗಿಲ್ಲ. ಬರೆಯುವವರು ಕಡಿಮೆ, ಓದುವವರು ಇನ್ನೂ ಕಡಿಮೆ, ಅದೇ ವರ್ಷ ಯುದ್ಧ ಶುರುವಾಯಿತು. ಆದರೂ ಅವರು ಪತ್ರಿಕೆಯನ್ನು ನಡೆಸಿದರು. ಒಂದು ಕಸುಬು ತನ್ನದೇ ಪತ್ರಿಕೆ ಇಟ್ಟುಕೊಂಡರೆ ಏನಾಗುತ್ತದೆ ಎಂಬುದನ್ನು ಯೋಚಿಸಬೇಕು. ಲಾಹೋರಿನಲ್ಲೋ ಮದ್ರಾಸಿನಲ್ಲೋ ಕೂತ ಒಬ್ಬ ಔಷಧಜ್ಞ ತಾನು ಕಂಡದ್ದನ್ನು ಬರೆದರೆ ಕಲ್ಕತ್ತದಲ್ಲಿ ಇನ್ನೊಬ್ಬ ಓದುತ್ತಾನೆ, ತಪ್ಪಿದ್ದರೆ ತಿದ್ದುತ್ತಾನೆ. ಗುರುವಿನಿಂದ ಶಿಷ್ಯನಿಗೆ ಗುಟ್ಟಾಗಿ ಹೋಗುತ್ತಿದ್ದ ವಿದ್ಯೆ ಎಲ್ಲರೆದುರಿಗೆ ಬಂದು ಪರೀಕ್ಷೆಗೆ ನಿಲ್ಲುತ್ತದೆ. ಸರಕಾರಕ್ಕೆ ಹೇಳಬೇಕಾದದ್ದನ್ನು ಅಚ್ಚಿನಲ್ಲಿ ಹೇಳಬಹುದು. ಆ ಪತ್ರಿಕೆ ಹೆಸರು ಸ್ವಲ್ಪ ಬದಲಿಸಿಕೊಂಡು ಈಗಲೂ ಬರುತ್ತಿದೆ.

ಔಷಧ ಕೊಡುವುದು ವೈದ್ಯನ ಬಾಲದಂಥ ಕೆಲಸವಲ್ಲ, ತನ್ನದೇ ಶಾಸ್ತ್ರವುಳ್ಳ ಬೇರೆ ಕಸುಬು ಎಂಬ ವಿಚಾರ ಶ್ರಾಫ್ ಕಂಡುಹಿಡಿದದ್ದೇನಲ್ಲ. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲೇ ಪ್ರತ್ಯೇಕ ಔಷಧದಂಗಡಿಗಳಿದ್ದವು. ಮುಹ್ತಸಿಬ್ ಎಂಬ ಪೇಟೆಯ ಅಧಿಕಾರಿ ತಕ್ಕಡಿ ನೋಡಿದ ಹಾಗೆಯೇ ಔಷಧವನ್ನೂ ನೋಡುವ ಪದ್ಧತಿ ಆ ನಾಡುಗಳಲ್ಲಿ ಬೆಳೆಯಿತು. ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ ಅಲ್‌ ಬಿರೂನಿ ತಮ್ಮ ಇಳಿವಯಸ್ಸಿನಲ್ಲಿ ಘಜ್ನಿಯಲ್ಲಿ ಕೂತು ಬರೆದ ಕೃತಿ ಕಿತಾಬ್ ಅಸ್ಸೈದನಾ, ಅಂದರೆ ಔಷಧಶಾಸ್ತ್ರದ ಪುಸ್ತಕ. ಒಂದೊಂದು ಔಷಧವಸ್ತುವಿಗೂ ಯಾವ ಯಾವ ಭಾಷೆಯಲ್ಲಿ ಏನು ಹೆಸರು ಎಂದು ಅವರು ಹುಡುಕಿ ಕೂಡಿಸಿದರು. ಹೆಸರು ತಪ್ಪಿದರೆ ಮದ್ದು ತಪ್ಪುತ್ತದೆ ಎಂಬ ಎಚ್ಚರ ಅದು. ಔಷಧ ಮಾರುವವನಿಗೆ ಅರಬ್ಬಿಯಲ್ಲಿರುವ ಹೆಸರೇ ನಮ್ಮ ದೇಶದ ಚಂದನದಿಂದ ಬಂದದ್ದು ಎಂದು ಬಿರೂನಿ ವಿವರಿಸಿದ್ದಾರೆ. ಗಂಧದ ವ್ಯಾಪಾರಿ ಎಂಬ ಪದ ಔಷಧದ ವ್ಯಾಪಾರಿಗೆ ಹಬ್ಬಿತಂತೆ. ಕೊಲ್ಲಿಯಲ್ಲಿ ದುಡಿಯುವ ನಿಮ್ಮ ಅಣ್ಣಂದಿರು, ಚಿಕ್ಕಪ್ಪಂದಿರು ದಿನವೂ ನೋಡುವ ಸೈದಲಿಯ್ಯಾ ಎಂಬ ಔಷಧದಂಗಡಿಯ ಫಲಕದಲ್ಲಿ ಗಂಧದ ನಾಡಿನ ವಾಸನೆ ಇದೆ ಎಂದರೆ ಅವರೂ ನಂಬಲಿಕ್ಕಿಲ್ಲ.

ಹೀಗೆ ಹಳೆಯದಾದ ವಿಚಾರವನ್ನು ಇಪ್ಪತ್ತನೆಯ ಶತಮಾನದ ಭಾರತದ ಕಾನೂನಿನೊಳಗೆ ತರುವುದು ಬಾಕಿ ಇತ್ತು. 1940ರಲ್ಲಿ ಔಷಧ ಕಾಯಿದೆ ಬಂತು. ಔಷಧದ ಗುಣಮಟ್ಟಕ್ಕೆ ಅದು ಬೇಲಿ ಹಾಕಿತು. ಔಷಧ ಕೊಡುವ ಮನುಷ್ಯನ ಬಗ್ಗೆ ಕಾನೂನು ಬರಲು ಸ್ವಾತಂತ್ರ್ಯದವರೆಗೆ ಕಾಯಬೇಕಾಯಿತು. 1948ರ ಮಾರ್ಚ್‌ನಲ್ಲಿ ಫಾರ್ಮಸಿ ಕಾಯಿದೆ ಬಂತು, ಮರುವರ್ಷ ಭಾರತೀಯ ಫಾರ್ಮಸಿ ಪರಿಷತ್ತು ರಚನೆಯಾಯಿತು. ಇದನ್ನೆಲ್ಲ ಶ್ರಾಫ್ ಒಬ್ಬರೇ ಮಾಡಿದರು ಎನ್ನುವುದು ಅನ್ಯಾಯ. ಚೋಪ್ರಾ ಇದ್ದರು, ಹಲವು ವೈದ್ಯರು, ಉದ್ಯಮಿಗಳು, ಶಾಸಕರು ಇದ್ದರು. ಆದರೆ ಕಾನೂನು ಬರೆಯಲು ಕೂತಾಗ ಇಂಥ ಶಿಕ್ಷಣ ಈ ದೇಶದಲ್ಲಿ ಸಾಧ್ಯವೇ ಎಂಬ ಪ್ರಶ್ನೆಗೆ ತೋರಿಸಲು ಬನಾರಸ್‌ನ ತರಗತಿ ಹತ್ತು ವರ್ಷಗಳಿಂದ ನಡೆಯುತ್ತಿತ್ತು. ಔಷಧಜ್ಞರ ಪರವಾಗಿ ಮಾತಾಡಲು ಒಂದು ಸಂಘ, ಬರೆಯಲು ಒಂದು ಪತ್ರಿಕೆ ಇತ್ತು.

ಆ ಕಾಯಿದೆಯಲ್ಲಿ ನನಗೆ ಬಹಳ ಹಿಡಿಸುವ ಒಂದು ಅಂಶವಿದೆ. ಓದಿಲ್ಲ ಎಂಬ ಕಾರಣಕ್ಕೆ ಹಳೆಯ ಕಂಪೌಂಡರುಗಳನ್ನು ಅದು ಬೀದಿಗೆ ತಳ್ಳಲಿಲ್ಲ. ಆಸ್ಪತ್ರೆಯಲ್ಲಿ ಅಥವಾ ಔಷಧಾಲಯದಲ್ಲಿ ಐದು ವರ್ಷ ಔಷಧ ಬೆರೆಸಿ ಕೊಟ್ಟ ಅನುಭವವಿದ್ದವರಿಗೆ ಮೊದಲ ನೋಂದಣಿ ಪುಸ್ತಕದಲ್ಲಿ ಹೆಸರು ಬರೆಸಲು ಅವಕಾಶ ಕೊಟ್ಟಿತು. ಮುಂದಿನವರು ಮಾತ್ರ ಓದಿಯೇ ಬರಬೇಕು. ಹಳೆಯ ಕೈಗೆ ಗೌರವ, ಹೊಸ ಕೈಗೆ ಪಾಠ. ಎಷ್ಟೋ ಊರುಗಳಲ್ಲಿ ಕಂಪೌಂಡರ್ ಎನಿಸಿಕೊಂಡವರು ನೋಂದಾಯಿತ ಫಾರ್ಮಸಿಸ್ಟರಾದದ್ದು ಹಾಗೆ.

ಇಷ್ಟೆಲ್ಲ ಆಗುವ ಹೊತ್ತಿಗೆ ಶ್ರಾಫ್ ಬನಾರಸ್‌ನಲ್ಲಿ ಇರಲಿಲ್ಲ. 1943ರಲ್ಲೇ ಅವರು ಆ ವಿಶ್ವವಿದ್ಯಾಲಯ ಬಿಟ್ಟಿದ್ದರು. ತಾವೇ ನೆಟ್ಟ ಗಿಡ ಫಲ ಕೊಡುವ ಹೊತ್ತಿಗೆ ಹೊರಗೆ ನಡೆಯುವುದು ಸುಲಭದ ಮಾತಲ್ಲ. ಅವರು ಮೂಲೆ ಹಿಡಿಯಲಿಲ್ಲ. ರಾಜಸ್ಥಾನದ ಪಿಲಾನಿಯಲ್ಲಿ ಬಿರ್ಲಾ ಕಾಲೇಜಿನಲ್ಲಿ 1950ರ ಹೊತ್ತಿಗೆ ಮತ್ತೊಂದು ಫಾರ್ಮಸಿ ವಿಭಾಗ ಎದ್ದು ನಿಂತಿತು. ಅದರ ಹಿಂದೆ ಇದ್ದವರು ಅವರೇ. ಮುಂದೆ ಕಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಒಂದು ಕಡೆ ಬಾಗಿಲು ಮುಚ್ಚಿದರೆ ಮತ್ತೊಂದು ಊರಿಗೆ ಹೋಗಿ ಮೊದಲ ಪಾಠದಿಂದ ಶುರು ಮಾಡುವ ಚೈತನ್ಯ ಐವತ್ತರ ಆಚೆಗೂ ಉಳಿದಿತ್ತು. ಬನಾರಸ್‌ನ ವಿಭಾಗ ಅವರಿಲ್ಲದೆಯೂ ನಡೆಯಿತು, ಇಂದಿಗೂ ನಡೆಯುತ್ತಿದೆ. ಕಟ್ಟಿದವರು ಹೋದ ಮೇಲೆ ಬೀಳುವ ಸಂಸ್ಥೆಗಳನ್ನು ನಾವು ಸಾಕಷ್ಟು ನೋಡಿದ್ದೇವೆ. ಇದು ಬೀಳಲಿಲ್ಲ, ಯಾಕೆಂದರೆ ಕಲಿತ ಹುಡುಗರೇ ಕಲಿಸುವವರಾಗಿ ದೇಶದ ಬೇರೆ ಬೇರೆ ಕಡೆ ಹೋಗಿದ್ದರು.

ಒಂದು ಕೊರತೆಯನ್ನೂ ಹೇಳಬೇಕು. ಶ್ರಾಫ್ ರಸಾಯನಶಾಸ್ತ್ರದಿಂದ ಬಂದವರು, ದೇಶಕ್ಕೆ ಆಗ ಬೇಕಿದ್ದದ್ದು ಕಾರ್ಖಾನೆ. ಹಾಗಾಗಿ ಅವರು ರೂಪಿಸಿದ ಪದವಿ ತಯಾರಿಕೆ ಮತ್ತು ವಿಶ್ಲೇಷಣೆಯ ಕಡೆಗೆ ವಾಲಿತು. ಭಾರತ ಇಂದು ಜಗತ್ತಿಗೇ ಔಷಧ ಕಳಿಸುವ ದೇಶವಾಗಿರುವುದರಲ್ಲಿ ಆ ವಾಲುವಿಕೆಯ ಪಾಲಿದೆ. ಆದರೆ ಕೌಂಟರಿನ ಈಚೆ ನಿಂತ ರೋಗಿ ಬಹಳ ಕಾಲ ಪಠ್ಯಕ್ರಮದ ಹೊರಗೇ ಉಳಿದ. ಪದವೀಧರರು ಕಾರ್ಖಾನೆಗೆ ಹೋದರು, ಅಂಗಡಿ ಡಿಪ್ಲೊಮಾದವರಿಗೆ ಬಂತು, ಆಸ್ಪತ್ರೆಯ ಹಾಸಿಗೆಯ ಬಳಿ ಫಾರ್ಮಸಿಸ್ಟ್ ಕಾಣಿಸಲೇ ಇಲ್ಲ. ಆರು ವರ್ಷದ ಫಾರ್ಮ.ಡಿ. ವ್ಯಾಸಂಗ 2008ರಲ್ಲಿ ಬಂದದ್ದು ಈ ಕೊರತೆ ತುಂಬಲು. ವಾರ್ಡಿನಲ್ಲಿ ವೈದ್ಯರ ಜೊತೆ ನಿಂತು, ಈ ಎರಡು ಮಾತ್ರೆ ಒಟ್ಟಿಗೆ ಬೇಡ ಎಂದು ಹೇಳಬಲ್ಲವರನ್ನು ತಯಾರಿಸುವುದು ಅದರ ಉದ್ದೇಶ. ಅಂಥ ಮಾತನ್ನು ವೈದ್ಯರು ಕೇಳಿಸಿಕೊಳ್ಳುವಂತೆ ಮಾಡುವುದು ಇನ್ನೂ ನಡೆಯುತ್ತಿರುವ ಕೆಲಸ. ಅದಕ್ಕೆ ಅಂಕಪಟ್ಟಿಯ ಜೊತೆ ಬೇರೆ ಗುಣವೂ ಬೇಕು.

ನಮ್ಮಲ್ಲಿ ಈ ದಾರಿ ಹಿಡಿಯಬೇಕೆಂದಿರುವವರಿಗೆ ಕೆಲವು ವಿವರಗಳು. ವಿಜ್ಞಾನ ವಿಭಾಗದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆಗೆ ಜೀವಶಾಸ್ತ್ರ ಓದಿದವರೂ ಗಣಿತ ಓದಿದವರೂ ಫಾರ್ಮಸಿಗೆ ಹೋಗಬಹುದು. ಗಣಿತದವರಿಗೆ ಈ ಬಾಗಿಲಿಲ್ಲ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಡಿ.ಫಾರ್ಮ ಎರಡು ವರ್ಷ, ಅದರ ಮೇಲೆ ಔಷಧಾಲಯದಲ್ಲಿ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಬಿ.ಫಾರ್ಮ ನಾಲ್ಕು ವರ್ಷ. ಬಿ.ಫಾರ್ಮ, ಫಾರ್ಮ.ಡಿ. ಸೀಟುಗಳಿಗೆ ರಾಜ್ಯದಲ್ಲಿ ಸಿಇಟಿ ಮೂಲಕ ಪ್ರವೇಶ. ಕೊಲ್ಲಿ ದೇಶಗಳಿಗೆ ಹೋಗಬೇಕೆನ್ನುವವರಿಗೆ ಪದವಿಯೊಂದೇ ಸಾಲದು, ಅಲ್ಲಿನ ಪರವಾನಗಿ ಪರೀಕ್ಷೆಯನ್ನೂ ಬರೆಯಬೇಕು. ಓದುವಾಗಲೇ ಕೈಹಾಕಬಹುದಾದ ಕೆಲಸಗಳೂ ಇವೆ. ಐಪಿಎ ವಿದ್ಯಾರ್ಥಿ ವೇದಿಕೆ ನಡೆಸುತ್ತದೆ. ಲಂಡನ್‌ನಲ್ಲಿ 1949ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಫಾರ್ಮಸಿ ವಿದ್ಯಾರ್ಥಿಗಳ ಒಕ್ಕೂಟ ದೇಶ ದೇಶಗಳ ವಿದ್ಯಾರ್ಥಿಗಳನ್ನು ಒಂದೆಡೆ ಸೇರಿಸುತ್ತದೆ. ನವೆಂಬರ್ ಮೂರನೆಯ ವಾರ ರಾಷ್ಟ್ರೀಯ ಫಾರ್ಮಸಿ ಸಪ್ತಾಹ. ಹಳ್ಳಿಗೆ ಹೋಗಿ ರಕ್ತದೊತ್ತಡದ ಮಾತ್ರೆಯನ್ನು ಯಾಕೆ ಮಧ್ಯದಲ್ಲಿ ನಿಲ್ಲಿಸಬಾರದು ಎಂದು ಜನರಿಗೆ ತಿಳಿಸಿ ಹೇಳುವ ವಿದ್ಯಾರ್ಥಿಗಳು ಆ ವಾರ ಕಾಣಸಿಗುತ್ತಾರೆ. ಕೊಂಕಣಿ, ಕನ್ನಡ, ಉರ್ದು, ನವಾಯತಿ ಬಲ್ಲ ನಮ್ಮ ಮಕ್ಕಳಿಗೆ ಆ ಕೆಲಸದಲ್ಲಿ ಹುಟ್ಟಿನಿಂದಲೇ ಒಂದು ಕೈ ಮೇಲು.

ಇನ್ನು ಮೆಡಿಕಲ್ ಶಾಪ್ ಮಾತು. ಡಿ.ಫಾರ್ಮ ಸರ್ಟಿಫಿಕೇಟನ್ನು ಗೋಡೆಗೆ ಬಾಡಿಗೆ ಕೊಟ್ಟು, ತಾವು ಬೇರೆಲ್ಲೋ ದುಡಿಯುವ ಪದ್ಧತಿ ನಾಡಿನಲ್ಲಿ ಇದೆಯೆಂಬುದು ಎಲ್ಲರಿಗೂ ಗೊತ್ತು. ಫಾರ್ಮಸಿ ಕಾಯಿದೆಯ 42ನೆಯ ಕಲಮಿನ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧ ಕೊಡಬೇಕಾದದ್ದು ನೋಂದಾಯಿತ ಫಾರ್ಮಸಿಸ್ಟ್. ಅವರ ಸರ್ಟಿಫಿಕೇಟಿನ ಫೋಟೊ ಅಲ್ಲ. 2014ರಿಂದ ಹಲವು ಆ್ಯಂಟಿಬಯಾಟಿಕ್‌ಗಳು ಎಚ್1 ಎಂಬ ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ರೋಗಿಯ ಮತ್ತು ವೈದ್ಯರ ಹೆಸರಿನೊಂದಿಗೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಪರಿಚಯದ ಗಿರಾಕಿ ಬಂದು, ಕಳೆದ ಸಲದ್ದೇ ಮಾತ್ರೆ ಕೊಡಪ್ಪ ಎಂದಾಗ ಇಲ್ಲ ಎನ್ನುವುದು ಸಣ್ಣ ಊರಿನಲ್ಲಿ ಬಹಳ ಕಷ್ಟ. ನಾಳೆ ಅದೇ ಮುಖ ಮದುವೆಯ ಮನೆಯಲ್ಲಿ ಎದುರಾಗುತ್ತದೆ. ಆ ಇಲ್ಲ ಎನ್ನುವ ಅಧಿಕಾರವನ್ನು ಕಂಪೌಂಡರನಿಗೆ ಯಾರೂ ಕೊಟ್ಟಿರಲಿಲ್ಲ. ಫಾರ್ಮಸಿಸ್ಟನಿಗೆ ಕಾನೂನು ಕೊಟ್ಟಿದೆ. ಬನಾರಸ್‌ನ ತರಗತಿ, ಸಂಘ, ಪತ್ರಿಕೆ ಎಲ್ಲ ಸೇರಿ ಗಳಿಸಿಕೊಟ್ಟದ್ದು ಅದೊಂದನ್ನು. ಮಗುವಿಗೆ ಜ್ವರವೆಂದು ರಾತ್ರಿ ಓಡಿಬಂದ ತಾಯಿ ಸಿರಪ್ಪಿನ ಅಳತೆ ಕೇಳಿದಾಗ, ಅಂಗಡಿಯಲ್ಲಿ ಯಾರಿದ್ದಾರೆ, ಏನು ಕಲಿತವರಿದ್ದಾರೆ ಎಂಬುದು ಆಗ ತಿಳಿಯುತ್ತದೆ.

ಶ್ರಾಫ್ 1971ರ ಆಗಸ್ಟ್ 25ರಂದು ತೀರಿಕೊಂಡರು. ಔಷಧ ವಿಜ್ಞಾನಿಯೂ ಈ ಕಸುಬಿನ ಇತಿಹಾಸಕಾರರೂ ಆಗಿದ್ದ ಹರ್ಕಿಷನ್ ಸಿಂಗ್ ಅವರು ಮುಂದೆ ಅವರ ಜೀವನವನ್ನು ಪುಸ್ತಕವಾಗಿ ಬರೆದರು. ಆಸಕ್ತರು ಹುಡುಕಿ ಓದಬಹುದು. ಅವರ ಹುಟ್ಟುಹಬ್ಬ ಮಾರ್ಚ್ 6ನ್ನು ದೇಶದ ಫಾರ್ಮಸಿ ಕಾಲೇಜುಗಳು ರಾಷ್ಟ್ರೀಯ ಫಾರ್ಮಸಿ ಶಿಕ್ಷಣ ದಿನವೆಂದು ಆಚರಿಸುತ್ತವೆ. ದ್ವಿತೀಯ ಪಿಯು ಪರೀಕ್ಷೆಯ ಗಡಿಬಿಡಿಯೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆಯ ಯೋಚನೆಯಲ್ಲಿ ನಮ್ಮವರು ಯಾರೂ ಆ ದಿನವನ್ನು ಗಮನಿಸುವುದಿಲ್ಲ.